ತಿರುಗೋ ನೌಕೆ, ಮಂಗಳದ ಬಿರುಗಾಳಿ, ಬಿಸಿಲಿಗೆ ಕರಗೋ ರಕ್ತಪಿಶಾಚಿ: ಲೆಕ್ಕಕ್ಕೆ ನಿಲ್ಲೋದು ಯಾವುದು?

ಹಳೇಪುಟ:
ಈಚಿನ ಪಟ್ಟಿ ಇದು. ಓದಿದ್ದು: ಡ್ರಾಕುಲಾ, ದಿ ಮಾರ್ಷಿಯನ್, ದಿ ತ್ರೀ ಬಾಡಿ ಪ್ರಾಬ್ಲಮ್. ನೋಡಿದ್ದು: 2001: ಎ ಸ್ಪೇಸ್ ಒಡಿಸ್ಸಿ, ಇಂಟರ್‌ಸ್ಟೆಲ್ಲರ್, 1922ರ ನೊಸ್ಫೆರಾಟು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ವಿಮರ್ಶೆ ಬೇಡ, ಅದು ಎಲ್ಲೆಲ್ಲೂ ಸಿಗುತ್ತೆ. ಗೊತ್ತಿರೋರು ಇಷ್ಟಕ್ಕೆ ಉತ್ತರ ಕೊಡಿ:

ಚಕ್ರದ ಥರ ತಿರುಗೋ ನೌಕೆಯೊಳಗೆ ನಿಜಕ್ಕೂ ಭೂಮಿ ಮೇಲೆ ನಡೆದ ಹಾಗೆ ನಡೀಬಹುದಾ? ಮಂಗಳದಲ್ಲಿ ರಾಕೆಟ್ಟನ್ನೇ ಬೀಳಿಸೋ ಅಂಥ ಗಾಳಿ ಬರುತ್ತಾ? ಇಂಟರ್‌ಸ್ಟೆಲ್ಲರಿನಲ್ಲಿ ಕೃಷ್ಣವಿವರದ (ಬ್ಲ್ಯಾಕ್ ಹೋಲ್) ಪಕ್ಕದ ಗ್ರಹದಲ್ಲಿ ಒಂದು ಗಂಟೆ ಅಂದ್ರೆ ಇಲ್ಲಿ ಏಳು ವರ್ಷ ಅನ್ನೋದು ಆಗೋ ಮಾತಾ? ಇನ್ನು ಡ್ರಾಕುಲಾ ಪುಸ್ತಕದಲ್ಲಿ ಹಾಡಹಗಲೇ ಬೀದಿ ಸುತ್ತುತ್ತಾನಲ್ಲ, ಹಾಗಾದ್ರೆ ಬಿಸಿಲಿಗೆ ಸುಟ್ಟುಹೋಗೋ ಕತೆ ಎಲ್ಲಿಂದ ಬಂತು?

ತಲೆಹರಟೆ:
ನಾಲ್ಕು ಪ್ರಶ್ನೆ, ನಾನ್ನೂರು ಉತ್ತರ ಬರುತ್ತೆ. ಕುರ್ಚಿ ಎಳ್ಕೊಂಡೆ.

ಮೀಟರ್‌ಗೇಜು:
ನೌಕೆಯದ್ದು ಸುಲಭ. ಬಾಯಿಪಾಠಕ್ಕೆ ಒಂದು ಸೂತ್ರ: 900ನ್ನು, ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದರ ವರ್ಗದಿಂದ ಭಾಗಿಸಿ. ಬಂದ ಉತ್ತರವೇ ಪೂರ್ತಿ ಭೂಮಿಯ ಗುರುತ್ವಕ್ಕೆ ಬೇಕಾದ ತ್ರಿಜ್ಯ, ಮೀಟರಿನಲ್ಲಿ. (ಸರಿಯಾದ ಅಂಕಿ 894, ಬಾಯಿಲೆಕ್ಕಕ್ಕೆ 900 ಸಾಕು.) ನಿಮಿಷಕ್ಕೆ 1 ಸುತ್ತು ಅಂದ್ರೆ ಸುಮಾರು 900 ಮೀಟರ್, 2 ಸುತ್ತಿಗೆ 225, 4 ಸುತ್ತಿಗೆ 56, 6 ಸುತ್ತಿಗೆ 25.

ಚಿಕ್ಕ ಚಕ್ರ ಮಾಡಿ ಜೋರಾಗಿ ತಿರುಗಿಸಿದ್ರೆ ಸಾಲದಾ ಅಂತ ಕೇಳ್ತಾರೆ. ತೂಕವೇನೋ ಬರುತ್ತೆ, ತೊಂದರೆ ಕೊಡೋದು ಕಿವಿಯೊಳಗಿನ ಸಮತೋಲನದ ಅಂಗ. ನಿಮಿಷಕ್ಕೆ 2 ಸುತ್ತಿನ ಒಳಗಿದ್ರೆ ಹೆಚ್ಚಿನವರಿಗೆ ಏನೂ ಅನ್ನಿಸಲ್ಲ. 4, 6 ಅಂತ ಏರಿದ ಹಾಗೆ ಅಭ್ಯಾಸ ಬೇಕು. ಅದಕ್ಕೂ ಮೇಲೆ ಹೋದ್ರೆ ತಲೆ ಪಕ್ಕಕ್ಕೆ ತಿರುಗಿಸಿದ ಕೂಡಲೇ ವಾಕರಿಕೆ.

2001ರ ಚಕ್ರದ ಸೆಟ್ಟು 38 ಅಡಿ ವ್ಯಾಸ, ಅಂದ್ರೆ ತ್ರಿಜ್ಯ 5.8 ಮೀಟರ್. ಅಷ್ಟರಲ್ಲಿ ಭೂಮಿಯ ತೂಕ ಬೇಕಂದ್ರೆ ನಿಮಿಷಕ್ಕೆ 12 ಸುತ್ತು ದಾಟಬೇಕು. ಪಾದ ಒಂದು ಜಿ (ಭೂಮಿಯ ಗುರುತ್ವದಷ್ಟು) ಅನುಭವಿಸುವಾಗ ತಲೆಗೆ ಸಿಗೋದು 0.7 ಜಿ. ಚಂದ್ರನಷ್ಟು ಗುರುತ್ವ ಸಾಕು ಅಂದ್ಕೊಂಡ್ರೆ 5 ಸುತ್ತು. ಅದು ತಡ್ಕೊಳ್ಳೋ ಮಟ್ಟದ್ದು.

ಸುಮ್ನಿರಿ:
ಅಲ್ರೀ, 1968ರ ಸಿನಿಮಾ. ಸೊಗಸಾಗಿ ಕಾಣುತ್ತೆ, ಸಾಕಲ್ವಾ? ಕ್ಯಾಲ್ಕುಲೇಟರ್ ಇಟ್ಕೊಂಡು ಸಿನಿಮಾ ನೋಡೋದು ಯಾವ ಖುಷಿಗೆ?

ಮೀಟರ್‌ಗೇಜು:
ಈ ಖುಷಿಗೆ: ಅದೇ ಚಕ್ರದಲ್ಲಿ ಒಬ್ಬ ಜಾಗಿಂಗ್ ಮಾಡ್ತಾನೆ. ಚಂದ್ರನ ಗುರುತ್ವ ಅಂತ ಇಟ್ಕೊಂಡ್ರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್, ಗಂಟೆಗೆ 11 ಕಿ.ಮೀ. ಅಂದ್ರೆ ಮಾಮೂಲಿ ಓಟದ ವೇಗ! ಚಕ್ರ ತಿರುಗೋ ದಿಕ್ಕಿಗೆ ಎದುರಾಗಿ ಅಷ್ಟು ವೇಗದಲ್ಲಿ ಓಡಿದ್ರೆ ಅವನ ತೂಕ ಸೊನ್ನೆ, ಮೇಲಕ್ಕೆ ತೇಲ್ತಾನೆ. ಅದೇ ದಿಕ್ಕಿನಲ್ಲಿ ಓಡಿದ್ರೆ ವೇಗ ಎರಡರಷ್ಟು, ತೂಕ ನಾಲ್ಕರಷ್ಟು. ಇದು ಗೊತ್ತಿದ್ದು ನೋಡಿದ್ರೆ ಆ ದೃಶ್ಯದ ರುಚಿ ಹೆಚ್ಚುತ್ತೆ, ಕಮ್ಮಿ ಆಗಲ್ಲ.

ಗೂಬೆಕಣ್ಣು:
ಚಿತ್ರೀಕರಣದಲ್ಲಿ ತಿರುಗ್ತಿದ್ದದ್ದು ಸೆಟ್ಟೇ. ನಟ ಯಾವಾಗ್ಲೂ ಕೆಳಗೇ ಓಡ್ತಾ ಇದ್ದ, ಇಲಿ ಚಕ್ರದೊಳಗೆ ಓಡೋ ಹಾಗೆ. ಕ್ಯಾಮೆರಾವನ್ನು ಸೆಟ್ಟಿಗೇ ಬಿಗಿದ್ರೆ ಅವನು ಗೋಡೆ ಹತ್ತಿ ಸೂರಿಗೆ ಹೋದ ಹಾಗೆ ಕಾಣುತ್ತೆ. ನಟನ ಜೊತೆ ಕೆಳಗೇ ಇಟ್ರೆ ಕೋಣೆ ಅವನ ಸುತ್ತ ಉರುಳಿದ ಹಾಗೆ ಕಾಣುತ್ತೆ. ಕಂಪ್ಯೂಟರ್ ಗ್ರಾಫಿಕ್ಸ್ ಒಂದು ಚೂರೂ ಇಲ್ಲ.

ಕಪ್ಪುಕುಳಿ:
ಇನ್ನೊಂದು ಸೇರಿಸ್ತೀನಿ. ನೌಕೆ ತಿರುಗ್ತಿದೆಯಾ ಇಲ್ವಾ ಅಂತ ಕಂಡುಹಿಡಿಯೋಕೆ ಒಂದು ಚೆಂಡು ಸಾಕು. 1.5 ಮೀಟರ್ ಎತ್ತರದಿಂದ ಬಿಡಿ. ಅದು ನೇರ ಕೆಳಗೆ ಬೀಳಲ್ಲ, ಚಕ್ರ ತಿರುಗೋ ದಿಕ್ಕಿಗೆ ವಿರುದ್ಧವಾಗಿ ಹಿಂದೆ ಬೀಳುತ್ತೆ. ಕೈಬಿಟ್ಟ ಮೇಲೆ ಚೆಂಡು ಸರಳರೇಖೆಯಲ್ಲಿ ಹೋಗ್ತಿರುತ್ತೆ, ನೆಲ ಮಾತ್ರ ಅದಕ್ಕಿಂತ ಮುಂದೆ ಓಡಿಬಿಟ್ಟಿರುತ್ತೆ. 225 ಮೀಟರ್ ತ್ರಿಜ್ಯದ ನೌಕೆಯಲ್ಲಿ ಸುಮಾರು 12 ಸೆಂ.ಮೀ. ಹಿಂದೆ. 5.8 ಮೀಟರಿನದ್ದರಲ್ಲಿ ಹೆಚ್ಚುಕಮ್ಮಿ ಒಂದು ಮೀಟರ್!

ಮಜಾ ಏನಂದ್ರೆ ಈ ಅಂತರ ತಿರುಗೋ ವೇಗಕ್ಕೆ ಸಂಬಂಧಪಡಲ್ಲ. ನಿಧಾನ ತಿರುಗಿದ್ರೆ ಚೆಂಡೂ ನಿಧಾನ ಬೀಳುತ್ತೆ, ಎರಡೂ ವಜಾ ಆಗಿಬಿಡುತ್ತೆ. ತ್ರಿಜ್ಯ ಮತ್ತು ಎತ್ತರ, ಇವೆರಡೇ ಲೆಕ್ಕಕ್ಕೆ ಬರೋದು. ಆ ಪುಟ್ಟ ಚಕ್ರದಲ್ಲಿ ಲೋಟಕ್ಕೆ ನೀರು ಸುರಿಯೋದೇ ಒಂದು ವಿದ್ಯೆ. ಕತೆ ಬರೆಯೋರು ಯಾಕೆ ಇದನ್ನ ಬಳಸಲ್ಲವೋ.

ತಲೆಹರಟೆ:
ಕ್ರಿಕೆಟ್ ಆಡಿದ್ರೆ ಎಲ್ಲ ಬಾಲೂ ಸ್ವಿಂಗು.

ಹಳೇಪುಟ:
ಇಂಟರ್‌ಸ್ಟೆಲ್ಲರಿನಲ್ಲಿ ದೊಡ್ಡ ನೌಕೆ ಗಿರಗಿರ ತಿರುಗುವಾಗ ಚಿಕ್ಕ ನೌಕೆ ತಂದು ಅದಕ್ಕೆ ಜೋಡಿಸ್ತಾರಲ್ಲ, ಅದು?

ಮೀಟರ್‌ಗೇಜು:
ಅಲ್ಲಿ ಮಾತಿನಲ್ಲೇ ಅಂಕಿ ಬರುತ್ತೆ, ನಿಮಿಷಕ್ಕೆ 67, 68 ಸುತ್ತು. ತ್ರಿಜ್ಯ 30 ಮೀಟರ್ ಅಂತ ಹಿಡಿಯಿರಿ. 30ನ್ನು 68ರ ವರ್ಗದಿಂದ ಗುಣಿಸಿ 894ರಿಂದ ಭಾಗಿಸಿ: ಅಂಚಿನಲ್ಲಿ 155 ಜಿ. ಹತ್ತು ಕಿಲೋ ಪೆಟ್ಟಿಗೆ ಒಂದೂವರೆ ಟನ್ ಆಗುತ್ತೆ. ಒಳಗೆ ಕಟ್ಟಿಟ್ಟ ಸಾಮಾನು, ಕೊಂಡಿ, ಕೊಳವೆ ಎಲ್ಲ ಕಿತ್ಕೊಂಡು ಹೋಗಬೇಕಿತ್ತು.

ಜೋಡಣೆಯ ತಂತ್ರ ಮಾತ್ರ ಸರಿ. ಅಚ್ಚಿನ ಮೇಲೇ ಬಂದು, ಅದೇ ವೇಗದಲ್ಲಿ ತಾನೂ ತಿರುಗಿದ್ರೆ ಒಂದಕ್ಕೊಂದು ನಿಂತ ಹಾಗೆ. ಅಚ್ಚಿನ ಹತ್ತಿರ ಕೂತೋರಿಗೆ ಜಿ ಕಮ್ಮಿ: ಒಂದು ಮೀಟರ್ ದೂರದಲ್ಲಿ 5 ಜಿ. ಕಣ್ಣು ಕತ್ತಲೆ ಬರೋ ಅಂಚು. ಅದನ್ನೂ ತೋರಿಸಿದ್ದಾರೆ.

ಕಪ್ಪುಕುಳಿ:
ಏಳು ವರ್ಷದ ಲೆಕ್ಕ ನನಗೆ ಬಿಡಿ. 7 ವರ್ಷ ಅಂದ್ರೆ 61,000 ಗಂಟೆಗೂ ಜಾಸ್ತಿ. ಕಾಲ 61,000 ಪಟ್ಟು ನಿಧಾನ ಆಗಬೇಕು. ತಿರುಗದೇ ಸುಮ್ಮನೆ ಕೂತ ಕೃಷ್ಣವಿವರದ ಸುತ್ತ ಇದು ಸಾಧ್ಯವೇ ಇಲ್ಲ. ಅಲ್ಲಿ ಗ್ರಹವೊಂದು ಬೀಳದೆ ಸುತ್ತಬಹುದಾದ ಅತಿ ಹತ್ತಿರದ ಸ್ಥಿರ ಕಕ್ಷೆಯಲ್ಲಿ ಒಂದು ಗಂಟೆ ಕಳೆದ್ರೆ ಹೊರಗೆ ಕಳೆಯೋದು 1 ಗಂಟೆ 25 ನಿಮಿಷ, ಅಷ್ಟೇ. ಊಟದ ವಿರಾಮದಷ್ಟು ವ್ಯತ್ಯಾಸ.

ಕೃಷ್ಣವಿವರವೇ ಬಿರುಸಾಗಿ ತಿರುಗ್ತಿದ್ರೆ ಸ್ಥಿರ ಕಕ್ಷೆ ಅಂಚಿನ ಹತ್ತಿರಕ್ಕೆ ಸರಿಯುತ್ತೆ, ಆಗ ಕಾಲ ಇನ್ನೂ ನಿಧಾನ. ಚಿತ್ರಕ್ಕೆ ಸಲಹೆಗಾರರಾಗಿದ್ದ ಭೌತವಿಜ್ಞಾನಿ ಕಿಪ್ ಥಾರ್ನ್ ಲೆಕ್ಕ ಹಾಕಿ 2014ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ: ತಿರುಗುವಿಕೆ ಗರಿಷ್ಠ ಮಿತಿಗಿಂತ ಕೋಟಿಯ ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ ಕಮ್ಮಿ ಇರಬೇಕು. ತಾತ್ವಿಕವಾಗಿ ಆಗುತ್ತೆ, ಪ್ರಕೃತಿಯಲ್ಲಿ ಅಷ್ಟು ಕರಾರುವಾಕ್ಕಾಗಿ ಸಿಗೋದು ಕನಸು. ಒಂದು ಸೊನ್ನೆ ಆಚೀಚೆ ಆದ್ರೆ ಏಳು ವರ್ಷ ಸಿಗಲ್ಲ.

ದ್ರವ್ಯರಾಶಿ 10 ಕೋಟಿ ಸೂರ್ಯರಷ್ಟು ಇಟ್ಟದ್ದಕ್ಕೂ ಕಾರಣ ಇದೆ. ಕೃಷ್ಣವಿವರ ದೊಡ್ಡದಾದಷ್ಟೂ ಅಂಚಿನ ಹತ್ತಿರ ಗ್ರಹವನ್ನು ಎಳೆದು ಹರಿಯೋ ಬಲ ಕಮ್ಮಿ. ಹತ್ತು ಸೂರ್ಯರ ಗಾತ್ರದ್ದಾಗಿದ್ರೆ ಗ್ರಹ ಶ್ಯಾವಿಗೆ.

ಬೇತಾಳ25:
ಹೆಸರು ಕಪ್ಪುಕುಳಿ, ಬರೆಯೋದು ಕೃಷ್ಣವಿವರ. ಮೊದಲು ಮನೆಯೊಳಗೆ ಒಮ್ಮತ ಮಾಡ್ಕೊಳ್ಳಿ ಮಾರಾಯ್ರೇ.

ಕಪ್ಪುಕುಳಿ:
ಹೆಸರು ಕರೆಯೋಕೆ, ಕೃಷ್ಣವಿವರ ಬರೆಯೋಕೆ.

ಸುಮ್ನಿರಿ:
ನೋಡಿ, ಇದೇ ನಾನು ಹೇಳೋದು. ಇಷ್ಟೆಲ್ಲ ಲೆಕ್ಕ ಸರಿಮಾಡಿದ ಸಿನಿಮಾದ ಕೊನೆ ಅರ್ಧ ಗಂಟೆ ಯಾವ ಲೆಕ್ಕಕ್ಕೆ ಬರುತ್ತೆ? ಕತೆಗಾರನಿಗೆ ಬೇಕಾದಾಗ ವಿಜ್ಞಾನ, ಬೇಡದಾಗ ಮಂತ್ರ.

ಮೀಟರ್‌ಗೇಜು:
ಬರಲಿ ಬಿಡಿ, ಮಂತ್ರ ಬರಬಾರದು ಅಂತ ಯಾರೂ ಹೇಳಿಲ್ಲ. ಒಂದು ಸುಳ್ಳು ಮಾಫಿ. ಎರಡನೇ ಸುಳ್ಳು ಮೊದಲನೆಯದನ್ನ ಮುಚ್ಚೋಕೆ ಬಂದ್ರೆ ಪುಸ್ತಕ ಮುಚ್ಚಬೇಕು.

ದಿ ಮಾರ್ಷಿಯನ್‌ನಲ್ಲಿ ಆ ಒಂದು ಸುಳ್ಳು ಬಿರುಗಾಳಿ. ಪುಸ್ತಕದಲ್ಲಿ ಗಂಟೆಗೆ 175 ಕಿ.ಮೀ. ಗಾಳಿ. ವೇಗ ಕೇಳೋಕೆ ಭಯಂಕರ. ಆದ್ರೆ ಮಂಗಳದ ಗಾಳಿಯ ಸಾಂದ್ರತೆ ನಮ್ಮದರ ಸುಮಾರು ಅರವತ್ತನೇ ಒಂದು ಪಾಲು. ಗಾಳಿ ತಳ್ಳೋ ಒತ್ತಡ ಸಾಂದ್ರತೆಗೂ ವೇಗದ ವರ್ಗಕ್ಕೂ ತಕ್ಕ ಹಾಗೆ. ಹಾಗಾಗಿ 60ರ ವರ್ಗಮೂಲ, ಅಂದ್ರೆ ಸುಮಾರು 7.7ರಿಂದ ಭಾಗಿಸಿ. ಭೂಮಿಯ ಮೇಲೆ ಗಂಟೆಗೆ 22-23 ಕಿ.ಮೀ. ಗಾಳಿಗೆ ಸಮ. ಬಟ್ಟೆ ಒಣಗುತ್ತೆ, ರಾಕೆಟ್ ಬೀಳಲ್ಲ. ಲೇಖಕರೇ ಇದು ಗೊತ್ತಿದ್ದೇ ಬರೆದದ್ದು ಅಂತ ಒಪ್ಕೊಂಡಿದ್ದಾರೆ, ನಾಯಕನನ್ನು ಅಲ್ಲಿ ಒಂಟಿ ಮಾಡೋಕೆ ಒಂದು ನೆಪ ಬೇಕಿತ್ತು.

ಅಲ್ಲಿ ಗಾಳಿ ಎಷ್ಟು ತೆಳು ಅಂದ್ರೆ, 2021ರಲ್ಲಿ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಬರೀ 1.8 ಕೆ.ಜಿ. ಅದನ್ನ ಎತ್ತೋಕೆ 1.2 ಮೀಟರ್ ರೆಕ್ಕೆ ನಿಮಿಷಕ್ಕೆ 2,400 ಸುತ್ತಿನ ಆಸುಪಾಸಿನಲ್ಲಿ ತಿರುಗಬೇಕಾಯ್ತು.

ಹಳೇಪುಟ:
ಹಾಗಾದ್ರೆ ನಾಯಕ ಮಂಗಳದ ಮಣ್ಣಲ್ಲಿ ಬೆಳೆಯೋ ಆಲೂಗಡ್ಡೆ?

ಕಪ್ಪುಕುಳಿ:
ಅರ್ಧ ಸರಿ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಲ್ಲಿ ಪರ್ಕ್ಲೋರೇಟ್ ಉಪ್ಪು ಕಂಡುಹಿಡೀತು, ಅರ್ಧ ಶೇಕಡಾದ ಆಸುಪಾಸು. ಗಿಡ ಅದನ್ನ ಹೀರ್ಕೊಂಡು ಎಲೆಗೆ ತುಂಬಿಸುತ್ತೆ, ತಿಂದೋರ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದ ಹಾಗೆ ಮಾಡುತ್ತೆ. ಪರಿಹಾರವೂ ಸರಳ: ಆ ಉಪ್ಪು ನೀರಲ್ಲಿ ಚೆನ್ನಾಗಿ ಕರಗುತ್ತೆ, ಮಣ್ಣನ್ನು ತೊಳೆದು ನೀರು ಬಸಿದ್ರೆ ಹೋಗುತ್ತೆ. ನೀರೇ ಇಲ್ಲದ ಕಡೆ ಮಣ್ಣು ತೊಳೆಯೋದು ದುಬಾರಿ, ಅದು ಬೇರೆ ಮಾತು.

ಕತೆಯಲ್ಲಿ ಅವನು ನೀರು ಮಾಡೋ ರಸಾಯನ ಸರಿಯಾಗಿದೆ. ಹೈಡ್ರಜೀನ್ ಇಂಧನವನ್ನ ವೇಗವರ್ಧಕದ ಮೇಲೆ ಹಾಯಿಸಿದ್ರೆ ಸಾರಜನಕ, ಜಲಜನಕ ಬಿಡಿಯಾಗುತ್ತೆ. ಜಲಜನಕವನ್ನ ಆಮ್ಲಜನಕದ ಜೊತೆ ಸುಟ್ಟರೆ ನೀರು. ತಪ್ಪೋದು ಎಲ್ಲಿ ಅಂದ್ರೆ, ಸುಡದೆ ಉಳಿದ ಜಲಜನಕ ಕೋಣೆಯಲ್ಲಿ ಸೇರ್ತಾ ಹೋಗುತ್ತೆ, ಒಂದು ಕಿಡಿ ಸಾಕು.

ಬೇತಾಳ25:
ತ್ರೀ ಬಾಡಿ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ.

ಕಪ್ಪುಕುಳಿ:
ಗಣಿತ ಸರಿ, ವಿಳಾಸ ತಪ್ಪು. ಸಮ ತೂಕದ ಮೂರು ಸೂರ್ಯರು ಹತ್ತಿರ ಹತ್ತಿರ ಸುತ್ತಿದ್ರೆ ಮುಂದೇನಾಗುತ್ತೆ ಅಂತ ಬಹಳ ಕಾಲದವರೆಗೆ ಹೇಳೋಕಾಗಲ್ಲ, ನಿಜ. ಆದ್ರೆ ಕಾದಂಬರಿ ಆ ಲೋಕವನ್ನ ಇಟ್ಟಿರೋ ಆಲ್ಫಾ ಸೆಂಟಾರಿಯ ಮೂರು ನಕ್ಷತ್ರ ಹಾಗಿಲ್ಲ. ಎ ಮತ್ತು ಬಿ ಒಂದನ್ನೊಂದು ಸುಮಾರು 80 ವರ್ಷಕ್ಕೊಮ್ಮೆ ಶಿಸ್ತಾಗಿ ಸುತ್ತುತ್ವೆ. ಮೂರನೇದು ಪ್ರಾಕ್ಸಿಮಾ, ಚಿಕ್ಕದು, ಅವೆರಡರಿಂದ ಸುಮಾರು 13,000 ಖಗೋಳಮಾನ ದೂರ (ಭೂಮಿ-ಸೂರ್ಯರ ದೂರದ 13,000 ಪಟ್ಟು). ಅದರ ಪಾಡಿಗೆ ಅದು ದೂರದಲ್ಲಿದೆ. ಗೊಂದಲವೂ ಇಲ್ಲ, ಪ್ರಳಯವೂ ಇಲ್ಲ.

ಸುಮ್ನಿರಿ:
ಹಾಗಾದ್ರೆ ಇಡೀ ಕಾದಂಬರಿ ಬಿದ್ದುಹೋಯ್ತು?

ಕಪ್ಪುಕುಳಿ:
ಯಾಕೆ ಬೀಳುತ್ತೆ? ಮೀಟರ್‌ಗೇಜು ಹೇಳಿದ ಆ ಮಾಫಿ ಸುಳ್ಳು ಇದೇ.

ಬೇತಾಳ25:
ಸರಿ, ಈಗ ನನ್ನ ಇಲಾಖೆ. ಹಳೇಪುಟ ಅವರೇ, ನೀವು ಓದಿದ್ದು ಸರಿಯಾಗೇ ಇದೆ. 1897ರ ಡ್ರಾಕುಲಾ ಕಾದಂಬರಿಯಲ್ಲಿ ಬಿಸಿಲು ಅವನನ್ನ ಕೊಲ್ಲಲ್ಲ. ಹಗಲಲ್ಲಿ ಶಕ್ತಿ ಕುಂದುತ್ತೆ, ರೂಪ ಬದಲಾಯಿಸೋಕಾಗಲ್ಲ, ಅಷ್ಟೇ. ಬಿಸಿಲಿಗೆ ಸಾಯೋ ನಿಯಮ ಶುರುವಾದದ್ದು ನೊಸ್ಫೆರಾಟುವಿನಿಂದ. ಆ ಚಿತ್ರ ಕಾದಂಬರಿಯ ಹಕ್ಕು ಪಡೆಯದೆ ಹೆಸರು ಬದಲಾಯಿಸಿ ತೆಗೆದದ್ದು. ಕಾದಂಬರಿಕಾರ ಬ್ರಾಮ್ ಸ್ಟೋಕರ್ ಅವರ ಪತ್ನಿ ಮೊಕದ್ದಮೆ ಹೂಡಿ ಗೆದ್ದರು, 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಿ ಅಂತ ಆದೇಶವಾಯ್ತು. ಕೆಲವು ತಪ್ಪಿಸ್ಕೊಂಡವು. ಕದ್ದ ಸಿನಿಮಾದ ನಿಯಮ ಅಸಲಿ ಪುಸ್ತಕದ ನಿಯಮವನ್ನೇ ನುಂಗಿತು.

ಇನ್ನೊಂದು: ಡ್ರಾಕುಲಾ ಸಾಯೋದು ಎದೆಗೆ ಮರದ ಗೂಟ ಹೊಡೆದು ಅಂತ ಎಲ್ಲರೂ ಹೇಳ್ತಾರೆ. ತಪ್ಪು. (ಓದದವರು ಇಲ್ಲಿ ನಿಲ್ಲಿ, ಸ್ಪಾಯ್ಲರ್.) ಗೂಟ ಬೀಳೋದು ಅವನು ಕಚ್ಚಿ ರಕ್ತಪಿಶಾಚಿ ಮಾಡಿದ ಲೂಸಿಗೆ. ಡ್ರಾಕುಲಾನ ಕುತ್ತಿಗೆಗೆ ಕುಕ್ರಿ (ಗೂರ್ಖಾಗಳ ಬಾಗಿದ ಕತ್ತಿ), ಎದೆಗೆ ಬೋಯಿ ಚಾಕು, ಸೂರ್ಯ ಮುಳುಗೋ ಕ್ಷಣದಲ್ಲಿ.

ತಲೆಹರಟೆ:
ಅಂದ್ರೆ ಬೆಳ್ಳುಳ್ಳಿ?

ಬೇತಾಳ25:
ಪುಸ್ತಕದಲ್ಲೇ ಇದೆ. ಕನ್ನಡಿಯಲ್ಲಿ ಕಾಣದಿರೋದೂ ಇದೆ.

ಗೂಬೆಕಣ್ಣು:
ಕದ್ದ ಸಿನಿಮಾ ಅಂದಾಗ ನೆನಪಾಯ್ತು. 1968ರ ನೈಟ್ ಆಫ್ ದಿ ಲಿವಿಂಗ್ ಡೆಡ್ ಅಮೆರಿಕದಲ್ಲಿ ಬಿಡುಗಡೆಯಾದ ಹೊತ್ತಿಗೇ ಯಾರ ಸ್ವತ್ತೂ ಅಲ್ಲದ ಹಾಗಾಯ್ತು. ಶೀರ್ಷಿಕೆ ಬದಲಾಯಿಸಿದಾಗ ಹೊಸ ಶೀರ್ಷಿಕೆ ಚೌಕಟ್ಟಿನಲ್ಲಿ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯ್ತು, ಆಗಿನ ಅಲ್ಲಿನ ಕಾನೂನಿಗೆ ಆ ಸಾಲಿಲ್ಲದಿದ್ರೆ ಹಕ್ಕೂ ಇಲ್ಲ. ಆ ಚಿತ್ರದಲ್ಲಿ ಜಾಂಬಿ ಅನ್ನೋ ಪದ ಒಮ್ಮೆಯೂ ಬರಲ್ಲ, ಅದು ಬೇರೆ.

ಹಳೇಪುಟ:
ವಿಷಯ ಬಿಟ್ಟು ಒಂದು ಕೇಳ್ಲಾ? ಈಚಿನ ಹಾರರ್ ಸರಣಿಗಳು ಟಿವಿಯಲ್ಲಿ ಬರೀ ಕಪ್ಪು. ಭೂತ ಎಲ್ಲಿದೆ ಅಂತ ಹುಡುಕೋದೇ ಕೆಲಸ. ಮಾತು ಪಿಸುಪಿಸು, ಆಮೇಲೆ ಒಮ್ಮೆಲೇ ಢಮಾರ್. ಇದು ಅವರ ತಪ್ಪಾ, ಟಿವಿಯದ್ದಾ?

ಗೂಬೆಕಣ್ಣು:
ಎರಡೂ. ಟಿವಿ ಕಡೆಯದ್ದು ಸರಿಮಾಡಬಹುದು.

ಮೊದಲು ವಿದ್ಯುತ್ ಉಳಿಸೋ ಮೋಡ್, ಕೋಣೆಯ ಬೆಳಕು ನೋಡಿ ತಾನೇ ಮಂಕಾಗೋ ಸೆನ್ಸರ್ ಎರಡನ್ನೂ ಆಫ್ ಮಾಡಿ. ಅರ್ಧ ಕತ್ತಲೆ ಇದರದ್ದೇ. ಆಮೇಲೆ ಚಿತ್ರದ ಮೋಡ್ ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಹಾಕಿ. ವಿವಿಡ್ ಬೇಡ. ಡೈನಾಮಿಕ್ ಕಾಂಟ್ರಾಸ್ಟ್ ಆಫ್, ಅದು ಕಪ್ಪನ್ನ ಇನ್ನೂ ಕಪ್ಪು ಮಾಡಿ ವಿವರ ನುಂಗುತ್ತೆ. ಮೋಷನ್ ಸ್ಮೂದಿಂಗ್ ಕೂಡ ಆಫ್. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ನಡುವೆ ಟಿವಿ ತಾನೇ ಚಿತ್ರ ಸೃಷ್ಟಿಸಿ ತುರುಕಿದ್ರೆ ಭೂತ ಧಾರಾವಾಹಿ ಸೊಸೆ ಥರ ನಡೆಯುತ್ತೆ.

ಇಷ್ಟಕ್ಕೂ ನೆರಳು ಮಸಿ ಬಳಿದ ಹಾಗಿದ್ರೆ ಎಚ್‌ಡಿಎಂಐ ರೇಂಜ್ ನೋಡಿ. ಸೆಟ್‌ಟಾಪ್ ಪೆಟ್ಟಿಗೆ ಕಪ್ಪಿನಿಂದ ಬಿಳುಪಿನ ಮಟ್ಟವನ್ನ 0ರಿಂದ 255 ಅಂತ ಕಳಿಸ್ತಾ ಇದ್ದು, ಟಿವಿ 16ರಿಂದ 235 ಅಂತ ತಿಳ್ಕೊಂಡಿದ್ರೆ 16ರ ಕೆಳಗಿನದ್ದೆಲ್ಲ ಒಂದೇ ಕಪ್ಪು. ಭೂತ ಇರೋದೇ ಅಲ್ಲಿ! ಉಲ್ಟಾ ಆದ್ರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ. ಎರಡೂ ಕಡೆ ಒಂದೇ ಇಡಿ, ಲಿಮಿಟೆಡ್ ಅಂತಿರೋದು ಸಾಕು.

ಬ್ರೈಟ್‌ನೆಸ್ ಏರಿಸೋಕೆ ಹೋಗ್ಬೇಡಿ, ಟಿವಿ ಹಿಂದೆ ಒಂದು ಮಂದ ಬಿಳಿ ದೀಪ ಇಡಿ, 6,500 ಕೆಲ್ವಿನ್‌ನದ್ದು. ಕಣ್ಣಿಗೆ ಆಯಾಸ ಕಮ್ಮಿ.

ಮೀಟರ್‌ಗೇಜು:
ಕಪ್ಪಲ್ಲಿ ಚೌಕ ಚೌಕ, ಪಟ್ಟೆ ಪಟ್ಟೆ ಕಂಡ್ರೆ ಮಾತ್ರ ಟಿವಿಯನ್ನ ಬೈಯಬೇಡಿ. ಸ್ಟ್ರೀಮಿಂಗ್‌ನಲ್ಲಿ ದತ್ತಾಂಶ ಹಿಂಡುವಾಗ ಮೊದಲು ಬಲಿ ಹೋಗೋದು ಕತ್ತಲೆಯ ಭಾಗ. ಅದೇ ಸಿನಿಮಾ ಬ್ಲೂ-ರೇಯಲ್ಲಿ ನೋಡಿದ್ರೆ ಪಟ್ಟೆ ಬಹಳ ಕಮ್ಮಿ.

ಗೂಬೆಕಣ್ಣು:
ಹೌದು, ಅದಕ್ಕೆ ಸೆಟ್ಟಿಂಗ್ ಇಲ್ಲ. ಇನ್ನು ಸದ್ದು. 5.1ರಲ್ಲಿ (ಆರು ಚಾನೆಲ್‌ನ ಸದ್ದು) ಮಾತು ಬರೋದು ನಡುವಿನ ಚಾನೆಲ್‌ನಲ್ಲಿ. ಎರಡೇ ಸ್ಪೀಕರಿನ ಟಿವಿಗೆ 5.1 ಕಳಿಸಿದ್ರೆ ಆರನ್ನೂ ಎರಡಕ್ಕೆ ತುರುಕುವಾಗ ಸಂಗೀತದ ಕೆಳಗೆ ಮಾತು ಹೂತುಹೋಗುತ್ತೆ. ಆಪ್‌ನಲ್ಲೇ ಆಡಿಯೊವನ್ನ ಸ್ಟೀರಿಯೊ ಮಾಡಿ. ನೈಟ್ ಮೋಡ್ ಇದ್ರೆ ಆನ್ ಮಾಡಿ, ಜೋರನ್ನ ತಗ್ಗಿಸಿ ಪಿಸುಮಾತನ್ನ ಎತ್ತುತ್ತೆ. ನಡುವಿನ ಸ್ಪೀಕರ್ ಬೇರೆ ಇದ್ರೆ ಅದನ್ನ 3 ಡೆಸಿಬೆಲ್ ಏರಿಸಿ ನೋಡಿ.

ಬೇತಾಳ25:
ನೈಟ್ ಮೋಡ್ ಹಾಕಿ ಹಾರರ್ ನೋಡೋದು ಉಪ್ಪಿಲ್ಲದ ಸಾರು. ಬೆಚ್ಚಿಬೀಳಿಸೋ ದೃಶ್ಯದ ಗುಟ್ಟೇ ಆ ಅಂತರ. ಮೊದಲು ಸಂಗೀತ ನಿಲ್ಲುತ್ತೆ, ಆಮೇಲೆ ಸುತ್ತಲಿನ ಸದ್ದೂ ಇಳಿಯುತ್ತೆ, ಕಿವಿ ತಾನಾಗಿ ಚುರುಕಾಗುತ್ತೆ, ಒಂದು ಸುಳ್ಳು ಬೆದರಿಕೆ, ಬೆಕ್ಕೋ ಬಾಗಿಲೋ, ನೋಡೋರು ಉಸಿರು ಬಿಟ್ಟ ಮರುಕ್ಷಣ ಹೊಡೆತ. ಉಸಿರು ಬಿಡೋ ಮೊದಲೇ ಹೊಡೆದ್ರೆ ದೃಶ್ಯ ಫ್ಲಾಪ್. ಐದು ನಿಮಿಷಕ್ಕೊಂದು ಹಾಕಿದ್ರೂ ಫ್ಲಾಪ್, ಮೂರನೇ ಸಲಕ್ಕೆ ಜನ ಮೊದಲೇ ಕಿವಿ ಮುಚ್ಕೊಳ್ತಾರೆ.

ಸುಮ್ನಿರಿ:
ಫ್ಯಾಂಟಸಿಯನ್ನ ಯಾರೂ ಮುಟ್ಟಿಲ್ಲ ಅಂತ ಈಗಷ್ಟೇ ಸಮಾಧಾನ ಪಡ್ತಿದ್ದೆ.

ಬಿಲ್ಲುಬಾಣ:
ಬಂದೆ. ಬಿಲ್ಲುಗಾರರ ಸಾಲಿಗೆ "ಫೈರ್" ಅಂತ ಕೂಗಿಸೋರನ್ನ ಏನು ಮಾಡೋಣ? ಬೆಂಕಿ ಹಚ್ಚೋ ಮದ್ದು ಬಂದಮೇಲೆ ಹುಟ್ಟಿದ ಮಾತು ಅದು. ಇನ್ನು ದಾರ ಎಳೆದು ಹಿಡಿದು ಸೇನಾಪತಿಯ ಭಾಷಣ ಮುಗಿಯೋ ತನಕ ಕಾಯೋದು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗನ್ನ 1982ರಲ್ಲಿ ಎತ್ತಿದ್ರಲ್ಲ, ಅದರಲ್ಲಿ ಸಿಕ್ಕ ಉದ್ದ ಬಿಲ್ಲುಗಳನ್ನ ಪೂರ್ತಿ ಎಳೆಯೋಕೆ 45 ಕೆ.ಜಿ.ಗೂ ಮೀರಿದ ಬಲ ಬೇಕು ಅಂತ ಅಂದಾಜು. ಅದನ್ನ ಎಳೆದ ಕೂಡಲೇ ಬಿಡ್ತಾರೆ. ಹಿಡಿದು ನಿಂತ್ರೆ ತೋಳು ನಡುಗಿ ಗುರಿ ಹಾಳು.

ಕುದುರೆಯದ್ದೂ ಅಷ್ಟೇ, ರಾತ್ರಿಯಿಡೀ ನಾಗಾಲೋಟ. ಅದು ಬೈಕ್ ಅಲ್ಲ. ನಾಗಾಲೋಟ ಕೆಲವೇ ಕಿಲೋಮೀಟರ್. ದಿನಗಟ್ಟಲೆ ಹೋಗಬೇಕಂದ್ರೆ ನಡಿಗೆ, ಕುಕ್ಕುಲೋಟ ಬೆರೆಸಿ ದಿನಕ್ಕೆ 40-50 ಕಿ.ಮೀ. ಒಂದಕ್ಕೆ ದಿನಕ್ಕೆ ಸುಮಾರು 10 ಕೆ.ಜಿ. ಮೇವು, 30 ಲೀಟರ್‌ಗೂ ಹೆಚ್ಚು ನೀರು. ಹತ್ತು ಸಾವಿರ ಸವಾರರು ಮರುಭೂಮಿ ದಾಟಿದ್ರು ಅಂತ ಬರೆಯೋ ಮೊದಲು ಗುಣಾಕಾರ ಮಾಡಿ.

ತಲೆಹರಟೆ:
ಮೂರು ಲಕ್ಷ ಲೀಟರ್. ದಿನಕ್ಕೆ. ಮರುಭೂಮಿಯೇ ಬೇಡ ಅಂತ ಕುದುರೆ ವಾಪಸ್.

ಸುಮ್ನಿರಿ:
ಡ್ರ್ಯಾಗನ್ ಇರೋ ಲೋಕದಲ್ಲಿ ಕುದುರೆ ಮೇವಿನ ಲೆಕ್ಕ!

ಬಿಲ್ಲುಬಾಣ:
ಡ್ರ್ಯಾಗನ್ ಇದೆ ಅಂತ ಲೇಖಕ ಮೊದಲ ಪುಟದಲ್ಲೇ ಹೇಳಿದ್ದಾನೆ, ಒಪ್ಕೊಂಡೆ. ಕುದುರೆ ಮೇವು ತಿನ್ನಲ್ಲ ಅಂತ ಎಲ್ಲೂ ಹೇಳಿಲ್ವಲ್ಲ.

ಸುಮ್ನಿರಿ:
...ಇದೊಂದು ಒಪ್ಪಿದೆ.

ಹಳೇಪುಟ:
ರೇಂಜ್ ಲಿಮಿಟೆಡ್‌ಗೆ ಬದಲಾಯಿಸಿದ್ದಾಯ್ತು. ಮೂಲೆಯಲ್ಲಿ ಒಂದು ಕುರ್ಚಿ ಇತ್ತಂತೆ, ಅದರ ಮೇಲೆ ಯಾರೋ ಕೂತಿದ್ರಂತೆ.

ಬೇತಾಳ25:
ಹಳೇ ಸೆಟ್ಟಿಂಗೇ ವಾಸಿ ಅನ್ನಿಸ್ತಾ?